ಅಂತರಗಂಗೆಯೂ ಹೊಟ್ಟೆಕಿಚ್ಚೂ

ಬ್ರಿಟಿಷರ ಆಳ್ವಿಕೆ, ಗೋರಾ ಕಲೆಕ್ಟರರ ಕಾಲ. ಹುಬ್ಬಳ್ಳಿಯ ಕುಡಿಯುವ ನೀರಿನ ಕೆರೆ ಕಾಯುವುದು ನನ್ನ ಕೆಲಸ. ಪರದೇಶದಿಂದ ಬಂದ, ನೀಲಿ ಹೂ ಬಿಡುವ ಅಂತರಗಂಗೆ ಆಗ ಊರಿನ ಹೊಸ ಷೋಕಿ. ಅದರ ಒಂದು ತುಂಡು ಕೆರೆಗೆ ಬಿದ್ದರೆ ಸಾಕು, ನೀರು ಕಾಣದಂತೆ ಹಬ್ಬುತ್ತದೆ. ಬೇಸಿಗೆಗೆ ಊರೇ ಬಾಯಾರಬೇಕು. ಆದ್ದರಿಂದ ಮನೆಮನೆಯ ಗಿಡ ಕಿತ್ತು ಸುಡಬೇಕಿತ್ತು. ಈ ಕೆಲಸದಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇತ್ತು. ನಗು ಮಾತ್ರ ನನಗೆ ಬಹಳ ತಡವಾಗಿ ಬಂತು.

೧. ಎಸೆಯುವ ಜಾಗ

ಅರಳೆ ವ್ಯಾಪಾರಿಯೊಬ್ಬರ ಅಂಗಳದ ತೊಟ್ಟಿಯ ತುಂಬ ಗಿಡ. ಅವರ ಹೆಂಡತಿ ಕೇಳಿದರು: “ಎದುರು ಮನಿಯಾಕಿ ಹೇಳಿ ಕಳಿಸಿದ್ಲೇನ್ರಿ? ಒಂದು ಸಸಿ ಕೇಳಿದ್ಲು, ನಾ ಕೊಟ್ಟಿಲ್ಲ.”

“ಯಾರೂ ಹೇಳಿಲ್ಲರೀ ತಾಯಿ. ಕೆರಿ ಸಲುವಾಗಿ ಬಂದೇನಿ” ಎಂದು ಎಲ್ಲ ಕಿತ್ತು ಬುಟ್ಟಿಗೆ ತುಂಬಿದೆ. ಹೊರಗೆ ಬಂದರೆ ಎದುರು ಮನೆಯಾಕೆ ಬಾಗಿಲಲ್ಲೇ ನಿಂತಿದ್ದರು.

“ಛಲೋ ಮಾಡಿದ್ರಿ. ಈಗ ಅದನ್ನ ಏನ ಮಾಡತೀರಿ?”

“ಊರ ಹೊರಗ ಒಯ್ದು ಸುಡತೇವ್ರಿ.”

“ಅಷ್ಟು ದೂರ ಯಾಕ ಹೊರತೀರಿ? ನಮ್ಮ ತೊಟ್ಟ್ಯಾಗ ಒಗದು ಹೋಗ್ರಿ.”

೨. ಧಾರವಾಡದ ಮಾದರಿ

ಧಾರವಾಡದ ಕಡೆಯ ಒಂದು ಕೆರೆಗೆ ನನ್ನಂಥವನೇ ಇನ್ನೊಬ್ಬನಿದ್ದ. ನಮ್ಮ ಸಾಹೇಬರು ಮಾತಿಗೊಮ್ಮೆ ಅವನನ್ನು ಹೊಗಳುವರು: “ಅವನ ಕೆರ್ಯಾಗ ಒಂದು ಎಲಿ ಸೈತ ಕಾಣೂದಿಲ್ಲ. ಹೋಗಿ ನೋಡಿ ಕಲ್ಕೋರಿ.”

ಇಬ್ಬರದೂ ಒಂದೇ ಹುದ್ದೆ. ಹೊಗಳಿಕೆ ಮಾತ್ರ ಅವನಿಗೆ. ನನಗೆ ಊಟ ಸೇರುತ್ತಿರಲಿಲ್ಲ. ರಜೆಯ ದಿನ ರೈಲು ಹತ್ತಿದೆ. ಖರೇ, ಕೆರೆಯಲ್ಲಿ ಒಂದು ಎಲೆಯೂ ಇರಲಿಲ್ಲ. ನೀರೂ ಇರಲಿಲ್ಲ. ಬಿರಿದ ನೆಲದಲ್ಲಿ ಎಮ್ಮೆಗಳು ನಿಂತಿದ್ದವು.

“ಏನ್ರೀ ಇದು?” ಎಂದೆ.

ಅವನು ವೀಳ್ಯಕ್ಕೆ ಸುಣ್ಣ ಹಚ್ಚುತ್ತ ಹೇಳಿದ: “ತೂಬು ತಗಿಸಿ ನೀರೆಲ್ಲಾ ಬಿಟ್ಟೇನ್ರಿ. ನೀರಿದ್ದರ ಅಲ್ಲೇನ್ರಿ, ಗಿಡದ ಉಸಾಬರಿ?”

೩. ಮೊದಲನೆಯ ನಂಬರು

ಕೊನೆಗೆ ಡಂಗುರ ಸಾರಿಸಿದೆವು: ಮನೆಯಲ್ಲಿರುವ ಅಂತರಗಂಗೆಯನ್ನು ಎಲ್ಲರೂ ಕಚೇರಿಗೆ ತಂದು ಒಪ್ಪಿಸಬೇಕು. ಮರುದಿನ ಹೆಣ್ಣುಮಕ್ಕಳು ಬೆಳಗಿದ ತಾಮ್ರದ ಪಾತ್ರೆಗಳಲ್ಲಿ, ಅರಳಿದ ಹೂವಿನ ಸಮೇತ ತಂದು ಸಾಲಾಗಿ ಇಟ್ಟರು. ಒಬ್ಬರ ಹೂವಿನ ಮೇಲೆ ಇನ್ನೊಬ್ಬರ ಕಣ್ಣು.

ಆ ಹೊತ್ತಿಗೆ ಮುನಸಿಪಾಲಿಟಿಯ ಅಧ್ಯಕ್ಷರು ಬಂದರು. ಇದನ್ನು ಹೂವಿನ ಪ್ರದರ್ಶನವೆಂದೇ ತಿಳಿದು, ಬೆಂಗೇರಿಯ ಕಾಳಿನ ಸಾಹುಕಾರರ ಹಿರಿಸೊಸೆಗೆ ಮೊದಲನೆಯ ನಂಬರು, ಅದೇ ಮನೆಯ ಕಿರಿಸೊಸೆಗೆ ಎರಡನೆಯದು ಎಂದು ಸಾರಿದರು. “ಬರೂ ವರ್ಷ ಇನ್ನೂ ಹೆಚ್ಚಿಗಿ ಬೆಳಸ್ರಿ” ಎಂದು ಹೇಳಿ ಹೋದರು.

ಎಲ್ಲರೂ ಪಾತ್ರೆ ಎತ್ತಿಕೊಂಡು ಮನೆಗೆ ಹೊರಟರು. “ಸುಡಬೇಕ್ರಿ, ಕೆರಿ ಹಾಳಾಗತದ” ಎಂದು ಬೇಡಿಕೊಂಡೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿರಿಸೊಸೆಯೊಬ್ಬಳೇ ನಿಂತಳು.

“ಎಲ್ಲಾರದೂ ಸುಡತೀರೇನ್ರಿ?”

“ಹೌದವ್ವಾ, ಎಲ್ಲಾರದೂ.”

“ನಮ್ಮ ಅಕ್ಕಾರದೂ?” ಎಂದು ಹಿರಿಸೊಸೆಯತ್ತ ನೋಡಿದಳು.

“ಅವರದೂ.”

ಆಕೆ ತನ್ನ ಪಾತ್ರೆಯನ್ನು ಕೆಳಗಿಟ್ಟು, ಸೆರಗು ಬಿಗಿದು, ಹೋಗುವವರ ದಾರಿಗೆ ಅಡ್ಡ ನಿಂತಳು.

“ಹಂಗಾದ್ರ ನಂಬರಿನ ಪ್ರಕಾರ ಸುಡ್ರಿ.”