ಎರಡನೇ ಕುರ್ಚಿ

ಬೋರ್ಡು ಬರೆಯಲು ಒಂದು ದಪ್ಪ ಕಾಗದ ಸಿಗದೆ ಹೋದದ್ದೇ ತೀರ್ಥೇಶನ ಕಷ್ಟಕ್ಕೆಲ್ಲ ಮೂಲ.

ಕೋಣಂದೂರಿನ ಬಸ್ ನಿಲ್ದಾಣದ ಎದುರಿಗಿರುವ ಸಲೂನು ಅವನಿಗೆ ಅಪ್ಪ ಮಾಸ್ತಪ್ಪನಿಂದ ಬಂದದ್ದು. ಜೊತೆಗೆ ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಕುರ್ಚಿಗಳ ಹಿಂದಿನ ಗೋಡೆಯ ಮೊಳೆಗೆ ನೇತಾಡುವ 1983ರ ಮಂದಾರ ಪೌಡರ್ ಕ್ಯಾಲೆಂಡರು. ಕೆಂಪು ಈಜುಡುಗೆ ತೊಟ್ಟ ಹೆಂಗಸೊಬ್ಬಳು ಸಮುದ್ರದಂಡೆಯ ಬಂಡೆಯ ಮೇಲೆ ಒಂದು ಕಾಲಿಟ್ಟು, ಸೊಂಟಕ್ಕೆ ಕೈಕೊಟ್ಟು, ನೋಡುವವರನ್ನೇ ನೋಡುತ್ತ ನಿಂತಿದ್ದಳು. ತಿಂಗಳ ಹಾಳೆಗಳು ಆ ವರ್ಷವೇ ಹರಿದುಹೋಗಿದ್ದವು. ಅವಳು ಮಾತ್ರ ನಲವತ್ತೆರಡು ವರ್ಷದಿಂದ ಕಾಲು ಬದಲಿಸದೆ ನಿಂತಿದ್ದಳು.

ಈ ಚಿತ್ರವನ್ನು ಊರಿನ ಗಂಡಸರು ಯಾರೂ ನೋಡಿರಲಿಲ್ಲ. ಅಂದರೆ, ನೋಡಿದ್ದೇನೆಂದು ಯಾರೂ ಒಪ್ಪಿಕೊಂಡಿರಲಿಲ್ಲ. ಒಂದನೇ ಕುರ್ಚಿಯಲ್ಲಿ ಕೂತರೆ ಕನ್ನಡಿಯಲ್ಲಿ ಬಸ್ ನಿಲ್ದಾಣ ಕಾಣುತ್ತಿತ್ತು. ಎರಡನೆಯದರಲ್ಲಿ ಕೂತರೆ ಅವಳು. ಒಂದನೇ ಕುರ್ಚಿಯ ಹಿಂದೆ ಕೆಲಸದ ಕುಮಾರ ಹನ್ನೆರಡು ವರ್ಷದಿಂದ ಕತ್ತರಿ ಹಿಡಿದು ನಿಂತಿದ್ದ. ಅವನಿಗೆ ಸಿಗುತ್ತಿದ್ದವರು ಬಸ್ಸಿಗೆ ಅವಸರವಿದ್ದ ಪರವೂರಿನವರು ಮಾತ್ರ. ಊರಿನವರೆಲ್ಲ ಬೆಂಚಿನ ಮೇಲೆ ತಾಸುಗಟ್ಟಲೆ ಕಾದು ಎರಡನೇ ಕುರ್ಚಿಗೇ ಹೋಗುತ್ತಿದ್ದರು.

"ಅಲ್ಲಿ ಗಾಳಿ ಬರಲ್ಲ ಮಾರಾಯ" ಎನ್ನುತ್ತಿದ್ದರು. ಫ್ಯಾನು ಇದ್ದದ್ದು ಒಂದನೇ ಕುರ್ಚಿಯ ನೆತ್ತಿಯ ಮೇಲೆ.

ಎರಡನೇ ಕುರ್ಚಿಯ ಹಿಂದೆ ನಿಲ್ಲುವವನು ತೀರ್ಥೇಶ. ಜನ ತನ್ನ ಕೈಗುಣಕ್ಕೆ ಕಾಯುತ್ತಾರೆಂದೇ ಅವನು ನಂಬಿದ್ದ.

ಅವನ ಹೆಂಡತಿ ಪುಷ್ಪಮ್ಮ ಆರು ತಿಂಗಳು ತೀರ್ಥಹಳ್ಳಿಗೆ ಬಸ್ಸಿನಲ್ಲಿ ಓಡಾಡಿ ಬ್ಯೂಟಿಷಿಯನ್ ಕೆಲಸ ಕಲಿತಿದ್ದಳು. ಸಲೂನಿನ ಒಂದು ಪಕ್ಕಕ್ಕೆ ಪ್ಲೈವುಡ್ ಹೊಡೆಸಿ ಒಂದು ಕೋಣೆ ಮಾಡಿದ್ದಾಯಿತು. ಭಾನುವಾರ ಹನ್ನೊಂದಕ್ಕೆ ಮಹಿಳಾ ಮಂಡಳಿಯ ಅಧ್ಯಕ್ಷೆ ಭಾಗೀರಥಮ್ಮನವರಿಂದ ಉದ್ಘಾಟನೆ.

"ಅವಳು ಗೋಡೆ ಮೇಲಿದ್ರೆ ಒಬ್ಬ ಹೆಂಗ್ಸೂ ಹೊಸ್ತಿಲು ದಾಟಲ್ಲ" ಎಂದಳು ಪುಷ್ಪಮ್ಮ. "ನನ್ನ ಪಾರ್ಲರ್ ಮೊದಲ ದಿನವೇ ಮುಚ್ಚಿದ್ರೆ, ನೀನು ಆ ಕುರ್ಚಿ ಮೇಲೇ ಮಲ್ಕೋ, ಮನೆಗೆ ಬರ್ಬೇಡ."

ಭಾನುವಾರ ಬೆಳಿಗ್ಗೆ ಏಳಕ್ಕೆ ತೀರ್ಥೇಶ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿದ. ಇಳಿಸಿದ ಮೇಲೆ ಎಲ್ಲಿಡುವುದೆಂದು ತಿಳಿಯಲಿಲ್ಲ. ಪಂಚಾಯಿತಿಯ ಕಸದ ಗಾಡಿಗೆ ಹಾಕಿದರೆ ಬಿಚ್ಚಿ ನೋಡಿಯೇ ಹಾಕಿಸಿಕೊಳ್ಳುತ್ತಾರೆ. ಸುಟ್ಟರೆ ಹೊಗೆ ನೋಡಲು ಪಕ್ಕದ ಅಂಗಡಿಯವರು ಬರುತ್ತಾರೆ. ಮನೆಗೆ ಒಯ್ದರೆ ಪುಷ್ಪಮ್ಮ ಇದ್ದಾಳೆ. ಅಷ್ಟರಲ್ಲಿ ಪಾರ್ಲರಿನ ಫ್ಲೆಕ್ಸ್ ಬೋರ್ಡು ಸೋಮವಾರದವರೆಗೆ ಬರುವುದಿಲ್ಲವೆಂದು ತೀರ್ಥಹಳ್ಳಿಯಿಂದ ಫೋನು ಬಂತು. ಬಾಗಿಲಿಗೆ ಅಂದಿಗೊಂದು ಬೋರ್ಡು ಬೇಕು, ಭಾನುವಾರ ಬೆಳಿಗ್ಗೆ ದಪ್ಪ ಕಾಗದ ಎಲ್ಲೂ ಸಿಗದು. ತೀರ್ಥೇಶ ಕೈಯಲ್ಲಿದ್ದ ಕ್ಯಾಲೆಂಡರನ್ನು ತಿರುಗಿಸಿ ನೋಡಿದ. ಬೆನ್ನು ದಪ್ಪಗೆ, ಬೆಳ್ಳಗೆ, ಒಂದು ಕಲೆಯಿಲ್ಲದೆ ಇತ್ತು.

ಮೇಲ್ಭಾಗದಲ್ಲಿ ಮಾರ್ಕರಿನಿಂದ ದೊಡ್ಡದಾಗಿ "ಪುರುಷರಿಗೆ ಪ್ರವೇಶವಿಲ್ಲ" ಎಂದು ಬರೆದ. ಚಿತ್ರದ ಬದಿಗೆ ಮೈದಾ ಅಂಟನ್ನು ಮೂಲೆಮೂಲೆಗೂ ಬಳಿದು ಕೋಣೆಯ ಪ್ಲೈವುಡ್ ಬಾಗಿಲಿಗೆ ಒತ್ತಿ ಅಂಟಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ, ತನ್ನ ಬುದ್ಧಿಗೆ ತಾನೇ ಬೆರಗಾದ.

ಉದ್ಘಾಟನೆಯ ಸಿದ್ಧತೆಯಲ್ಲೇ ಹೊತ್ತಾಗಿ, ಹತ್ತೂವರೆಗೆ ಸಲೂನಿನ ಬಾಗಿಲು ತೆರೆದ ಕೂಡಲೇ ಬೆಂಚು ತುಂಬಿತು. ಅವನಿಗೆ ಸಂಶಯ ಬಂದದ್ದು ಆಗಲೇ. ಮುಂದೆ ಕೂತಿದ್ದವರು ನಿವೃತ್ತ ಹೆಡ್‌ಮಾಸ್ತರು ಕೃಷ್ಣಯ್ಯ, ಭಾಗೀರಥಮ್ಮನವರ ಯಜಮಾನರು. ಶುಕ್ರವಾರವಷ್ಟೇ ಶೇವ್ ಮಾಡಿಸಿಕೊಂಡು ಹೋಗಿದ್ದರು. ಗಲ್ಲ ಸಿಪ್ಪೆ ಹೆರೆದ ಆಲೂಗಡ್ಡೆಯ ಹಾಗಿತ್ತು. ಪಕ್ಕದಲ್ಲಿ ಸೊಸೈಟಿ ಸೆಕ್ರೆಟರಿ ಗಣೇಶಮೂರ್ತಿ, ಮೊನ್ನೆ ಹಚ್ಚಿಸಿಕೊಂಡ ಬಣ್ಣ ಇನ್ನೂ ಹೊಳೆಯುತ್ತಿದ್ದ ತಲೆಯೊಂದಿಗೆ. ಎಲ್ಲರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಆ ದಿನದ ಪೇಪರನ್ನು ಒಂದೇ ಪುಟಕ್ಕೆ ಮಡಿಸಿ ಹಿಡಿದಿದ್ದರು.

ಕೃಷ್ಣಯ್ಯ ಎರಡನೇ ಕುರ್ಚಿಗೆ ಬಂದು ಕೂತರು. ಕನ್ನಡಿಯತ್ತ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ತೀರ್ಥೇಶ, ಗೋಡೆಗೆ ಎಂತಾದ್ರೂ ಮಾಡ್ಸಿದ್ಯಾ?"

"ಇಲ್ಲ ಸಾರ್."

"ಬಣ್ಣ ಬೇರೆ ಥರ ಕಾಣ್ತದೆ. ಒಂದು ಕಡೆ ಬೆಳ್ಳಗೆ."

"ಮೊಳೆ ಹಂಗೇ ಇದೆ" ಎಂದರು ಗಣೇಶಮೂರ್ತಿ ಬೆಂಚಿನಿಂದ. "ಮೊಳೆ ಇದ್ಮೇಲೆ ಅದ್ರಲ್ಲಿ ಎಂತದೋ ಇದ್ದಿರ್ಬೇಕು. ನಂಗೇನು ಗೊತ್ತಿಲ್ಲ, ಸುಮ್ನೆ ಹೇಳ್ದೆ."

"ಗೊತ್ತಿಲ್ದೋರಿಗೆ ಮೊಳೆ ಹೆಂಗೆ ಕಂಡ್ತು?" ಎಂದು ಕೃಷ್ಣಯ್ಯ ಕನ್ನಡಿಯಲ್ಲೇ ಕೇಳಿದರು.

"ನಿಮಗೆ ಬೆಳ್ಳಗಿದ್ದಿದ್ದು ಕಂಡ್ತಲ್ಲ, ಹಂಗೇ."

ಅಲ್ಲಿಂದ ಒಬ್ಬರ ಕಣ್ಣು ಇನ್ನೊಬ್ಬರ ಪೇಪರಿನ ಮಡಿಕೆಯ ಮೇಲೆ ಬಿತ್ತು. ಯಾರದು ಹೆಚ್ಚು ದಪ್ಪವಿದೆ, ಒಳಗೆ ಇನ್ನೇನಾದರೂ ಸೇರಿದೆಯೇ ಎಂದು ಅಳೆಯತೊಡಗಿದರು. ಗಣೇಶಮೂರ್ತಿ ಕಾಲಿಗೆ ಒರಗಿಸಿಟ್ಟ ಕೈಚೀಲವನ್ನು ಒಬ್ಬರು ಚಪ್ಪಲಿಯ ತುದಿಯಿಂದ ಮೆಲ್ಲಗೆ ಒತ್ತಿ ನೋಡಿದರು. ಅದರಲ್ಲಿ ನುಗ್ಗೆಕಾಯಿ ಇತ್ತು.

"ಯಾರಿಗೆ ಕೊಟ್ಟೆ?" ಕೃಷ್ಣಯ್ಯ ಪಿಸುಗುಟ್ಟಿದರು.

"ಎಂತ ಸಾರ್?"

"ಎಂತಾದ್ರೂ."

ತೀರ್ಥೇಶ ಕೇಳದವನಂತೆ ನೊರೆ ಹಚ್ಚಿ ಒಂದು ಗಲ್ಲ ಹೆರೆದ. ಕತ್ತಿಯ ನೊರೆಯನ್ನು ಒರೆಸಲು ಕೃಷ್ಣಯ್ಯನವರ ಮಡಿಲಿನಿಂದ ಪೇಪರು ಎಳೆದುಕೊಂಡ. ಒರೆಸಿದ ಜಾಗದಲ್ಲಿ, ನೊರೆಯ ನಡುವಿನಿಂದ, ಹೆಬ್ಬೆಟ್ಟಿನಷ್ಟು ಚಿತ್ರವೊಂದು ಅವನನ್ನೇ ನೋಡಿತು. ಅದೇ ಬಂಡೆ, ಅದೇ ಸೊಂಟದ ಮೇಲಿನ ಕೈ. ಎಂಬತ್ತರ ದಶಕದ ಕ್ಯಾಲೆಂಡರ್ ರೂಪದರ್ಶಿ ಡೊರೀನ್ ಮುಂಬೈಯಲ್ಲಿ ನಿಧನರಾದರೆಂದು ಕೆಳಗೆ ನಾಲ್ಕು ಸಾಲು ಇತ್ತು. ಕೊನೆಯ ಕಾಲದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದರಂತೆ.

ತೀರ್ಥೇಶನಿಗೆ ಬಿಳಿ ಅಂಗಿಗಳ ಅರ್ಥವಾಯಿತು. ಬೆಂಚಿನ ಮೇಲೆ ನಡೆಯುತ್ತಿದ್ದುದು ಸಂತಾಪ ಸಭೆ. ಹಾಗೆಂದು ಹೇಳಿಕೊಳ್ಳುವ ಧೈರ್ಯ ಅವರಲ್ಲಿ ಒಬ್ಬರಿಗೂ ಇರಲಿಲ್ಲ, ಅಷ್ಟೇ. ಮತ್ತು ಅವರೆಲ್ಲ ಅವಳಿಗೆ ಎದುರಾಗಿಯೇ ಕೂತು, "ಪುರುಷರಿಗೆ ಪ್ರವೇಶವಿಲ್ಲ" ಎಂಬುದನ್ನು ಓದುತ್ತಿದ್ದರು.

ಬಾಯಿ ಬಿಟ್ಟರೆ ಈ ಗಂಡಸರು ಇನ್ನು ಬರುವುದಿಲ್ಲ. ಮುಚ್ಚಿಟ್ಟರೂ ಇವರ ಸಂಶಯ ಬಿಡುವುದಿಲ್ಲ. ತೀರ್ಥೇಶ ಇದನ್ನು ತೂಗುತ್ತ ನಿಂತಿರುವಾಗಲೇ ಹನ್ನೊಂದು ಹೊಡೆದು, ಮಂಡಳಿಯ ಹೆಂಗಸರು ಮೆಟ್ಟಿಲೇರಿದರು. ಮುಂದೆ ಭಾಗೀರಥಮ್ಮ, ಕೈಯಲ್ಲಿ ಮಲ್ಲಿಗೆ ದಂಡೆ. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಸಮೀಕ್ಷಾ.

ಭಾಗೀರಥಮ್ಮ ರಿಬ್ಬನ್ನಿನತ್ತ ನೋಡಲಿಲ್ಲ. ಹಿಂದಿನ ಗೋಡೆಯನ್ನು ನೋಡಿದರು.

"ಎಲ್ಲಿ ಅವಳು?"

ಅರ್ಧ ಗಲ್ಲಕ್ಕೆ ನೊರೆಯಿದ್ದ ಕೃಷ್ಣಯ್ಯ ಬಟ್ಟೆಯೊಳಗೆ ಆಮೆಯಂತೆ ಕುತ್ತಿಗೆ ಎಳೆದುಕೊಂಡರು.

"ಯಾರು ಅಮ್ಮ?" ಎಂದಳು ಅವರೊಂದಿಗೆ ಬಂದಿದ್ದ ಪುಷ್ಪಮ್ಮ.

"ಕೆಂಪು ಡ್ರೆಸ್ಸಿನವಳು. ಪೇಪರಲ್ಲಿ ನೋಡ್ದೆ, ತೀರ್ಕೊಂಡ್ಲಂತೆ. ಒಂದು ಹೂವು ಏರ್ಸಣ ಅಂತ ತಂದೆ."

"ನೀವು ಅವಳನ್ನ ಯಾವಾಗ ನೋಡಿದ್ರಿ?"

"ನೋಡೋದೆಂತ. ಇಲ್ಲಿಗೆ ಕೊಟ್ಟವಳೇ ನಾನು. ಇವರು ತೀರ್ಥಹಳ್ಳಿ ಫ್ಯಾನ್ಸಿ ಸ್ಟೋರಿಂದ ತಂದು ರೂಮಲ್ಲಿ ನೇತಾಕಿದ್ರು. ಮನೇಲಿದ್ರೆ ದಿನಾ ನೋಡ್ತಾರೆ, ಸಲೂನಲ್ಲಿದ್ರೆ ವಾರಕ್ಕೊಂದ್ಸಲ, ಗಡ್ಡಾನೂ ಹೋಗ್ತದೆ ಅಂತ ಮಾಸ್ತಪ್ಪಂಗೆ ಕೊಟ್ಟೆ. ನಲವತ್ತೆರಡು ವರ್ಷ ಇವರ ಮುಖ ನುಣ್ಣಗಿತ್ತು."

ಹಿಂದಿದ್ದ ಹೆಂಗಸರು ತಲೆಯಾಡಿಸಿದರು. ಅವರಿಗೆಲ್ಲ ಗೊತ್ತಿದ್ದ ವಿಷಯ ಅದು. ಗೊತ್ತಿಲ್ಲದೆ ಇದ್ದದ್ದು ಬೆಂಚಿಗೆ ಮಾತ್ರ.

"ಈಗ ಯಾರ ಮನೆ ಸೇರಿದ್ದಾಳೆ, ಹೇಳಿಬಿಡು" ಎಂದರು ಗಣೇಶಮೂರ್ತಿಯ ಹೆಂಡತಿ ವರದಾ, ಗಂಡನ ಕೈಚೀಲವನ್ನೇ ನೋಡುತ್ತ.

ತೀರ್ಥೇಶ ಬಾಗಿಲು ತೋರಿಸಿದ. ಯಾರೂ ನಂಬಲಿಲ್ಲ. ಅವನು ಬೋರ್ಡಿನ ಕೆಳಗಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿದ. ಮೈದಾ ಅಂಟು ತನ್ನ ಕೆಲಸವನ್ನು ಚೆನ್ನಾಗಿ ಮಾಡಿತ್ತು. ಹಳೆಯ ಕಾಗದ ಚೂರುಚೂರಾಗಿ ಬಂದು, ಅವನ ಬೆರಳಿಗೆ ಕೆಂಪು ಬಣ್ಣದ ಒಂದು ಕಾಲುಗುರು ಮಾತ್ರ ಅಂಟಿಕೊಂಡಿತು.

ಬೆಂಚಿನಿಂದ ಒಂದು ನಿಟ್ಟುಸಿರು ಬಂತು. ಯಾರದೆಂದು ಗೊತ್ತಾಗಲಿಲ್ಲ. ಬಹುಶಃ ಎಲ್ಲರದು.

"ಸಾಕು ಬಿಡು, ಎಳೀಬೇಡ" ಎಂದರು ಭಾಗೀರಥಮ್ಮ. ಪೇಪರನ್ನು ಎತ್ತಿಕೊಂಡು ನೊರೆ ಒರೆಸಿ ಮೊಮ್ಮಗಳಿಗೆ ತೋರಿಸಿದರು.

ಸಮೀಕ್ಷಾ ಬಗ್ಗಿ ನೋಡಿ, "ಇಷ್ಟಕ್ಕಾ ಅಜ್ಜ ನಲವತ್ತೆರಡು ವರ್ಷ ಇಲ್ಲಿ ಕ್ಯೂ ನಿಂತಿದ್ದು?" ಎಂದಳು. "ನಮ್ಮ ಕಾಲೇಜ್ ಸ್ವಿಮ್ಮಿಂಗ್ ಟೀಮಿಗೆ ಇದೇ ಡ್ರೆಸ್ಸು."

ಕೃಷ್ಣಯ್ಯ ಬಟ್ಟೆಯೊಳಗೆ ಇನ್ನಷ್ಟು ಇಳಿದರು.

"ಹಾಳಾಗಿದ್ದು ಹಾಳಾಯ್ತು" ಎಂದರು ಭಾಗೀರಥಮ್ಮ. "ಸಮೀಕ್ಷಾ, ಮನೆಗೆ ಹೋಗಿ ನನ್ನ ಬೀರು ತೆಗಿ. ರೇಷ್ಮೆ ಸೀರೆ ಅಡೀಲಿ ಸುತ್ತಿಟ್ಟಿದ್ದು ಒಂದಿದೆ, ತಗಂಡು ಬಾ."

ಕೃಷ್ಣಯ್ಯ ಬಟ್ಟೆಯಿಂದ ತಲೆ ಹೊರಹಾಕಿದರು. "ನಾನು ತಂದಿದ್ದು ಎರಡು ಕ್ಯಾಲೆಂಡರು, ಎರಡನೇದು ನೀನು ಒಲೆಗೆ ಹಾಕ್ದೆ ಅಂದಿದ್ಯಲ್ಲ?"

"ನಿಮಗೆ ಹಂಗೆ ಹೇಳಿದ್ದೆ. ನಮ್ಮಲ್ಲಿ ಹೆಂಗಸರು ಯಾರೂ ಹಂಗೆ ನಿಲ್ತಿರ್ಲಿಲ್ಲ. ಯಾರಿಗೂ ಹೆದರ್ದೆ ಒಬ್ಬಳು ನಿಂತಿದ್ದಾಳಲ್ಲ, ಇರ್ಲಿ ಅಂತ ಇಟ್ಕಂಡೆ. ನಿಮಗೆ ಕನ್ನಡೀಲಿ ಕಂಡಿದ್ದು ಬೇರೆ, ನಂಗೆ ಕಂಡಿದ್ದು ಬೇರೆ."

ಅರ್ಧ ತಾಸಿನಲ್ಲಿ ಅವಳು ಪಾರ್ಲರಿನ ಒಳಗೋಡೆಯ ಮೇಲೆ ನಿಂತಳು, ಕೊರಳಿಗೆ ಮಲ್ಲಿಗೆ ಹಾಕಿಕೊಂಡು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲವಂತೆ. ವರದಾ ತಮಗೂ ಅಂಥದೇ ಹೇರ್‌ಕಟ್ ಬೇಕೆಂದರು. ಸಂಜೆಯ ತನಕ ಪ್ಲೈವುಡ್ಡಿನಾಚೆ ನಗು ನಿಲ್ಲಲಿಲ್ಲ.

ಈಚೆ ಕೃಷ್ಣಯ್ಯ ಎದ್ದು, ಅರ್ಧ ಶೇವಿನಲ್ಲೇ ಒಂದನೇ ಕುರ್ಚಿಗೆ ಹೋಗಿ ಕೂತರು.

"ಕುಮಾರ, ಉಳಿದದ್ದು ನೀನೇ ಮಾಡು. ಇಲ್ಲಿ ಗಾಳಿ ಚೆನ್ನಾಗಿದೆ."

ಕುಮಾರ ಮಾಡಿದ. ಕೃಷ್ಣಯ್ಯ ಗಲ್ಲ ಸವರಿಕೊಂಡು, "ನಿನ್ನ ಕೈ ಇಷ್ಟು ಹಗುರ ಅಂತ ಯಾರೂ ಹೇಳ್ಲೇ ಇಲ್ವಲ್ಲೋ" ಎಂದರು. ಗಣೇಶಮೂರ್ತಿಯೂ ಅವನ ಬಳಿಗೇ ಹೋದರು. ಕತ್ತಲಾಗುವವರೆಗೆ ಬೆಂಚು ತುಂಬಿತ್ತು, ಎಲ್ಲ ಒಂದನೇ ಕುರ್ಚಿಗೆ.

ಎರಡನೇ ಕುರ್ಚಿಯಲ್ಲಿ ತೀರ್ಥೇಶ ತಾನೇ ಕೂತ. ಕನ್ನಡಿಯಲ್ಲಿ ಮೊಳೆ ಕಾಣುತ್ತಿತ್ತು. ಕೊನೆಗೆ ತಾಳಲಾರದೆ ಎದ್ದು, ಪ್ಲೈವುಡ್ ಬಾಗಿಲನ್ನು ತಟ್ಟಿದ.

"ಪುಷ್ಪಾ, ಒಂದ್ಸಲ ನೋಡ್ಲಾ? ಬರೀ ಒಂದ್ಸಲ."

ಒಳಗಿನ ನಗು ನಿಂತಿತು.

"ಬಾಗಿಲ ಮೇಲೆ ಬರ್ದಿದ್ದು ಓದು" ಎಂದಳು ಪುಷ್ಪಮ್ಮ. "ಅಕ್ಷರ ನಿಂದೇ."