ಕಾಳಾ ಮಸಾಲೆಯ ದಿನ ಮೊಲ ಮತ್ತು ಕಲ್ಲುಹೂವು

ಬಾಯಿ ಮಾಡಿ ಜಗಳವಾಡುವುದು ನನಗೆ ಬರುವುದಿಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಉದಾಹರಣೆ ಕೊಟ್ಟು ಒಪ್ಪಿಸುವುದನ್ನು. ನಾನು ಒಪ್ಪಿಸಬೇಕಾಗಿದ್ದವರು ಅತ್ತೆಯವರು. ನವಿ ಪೇಠೆಯಲ್ಲಿ ನಮ್ಮ ಅರಿವೆ ಅಂಗಡಿಯ ಮೇಲಿನ ಕೂಡುಮನೆ ಬಿಟ್ಟು, ನಾನೂ ಯಜಮಾನರೂ ವಿಜಾಪುರ ರಸ್ತೆಯಲ್ಲಿ ಬೇರೆ ಮನೆ ಮಾಡಬೇಕೆಂದು ನನ್ನ ಆಸೆ. ಅಲ್ಲಿ ಇನ್ನೂ ಬಯಲೇ ಹೆಚ್ಚು, ಆದರೆ ಅಡುಗೆಮನೆಗೆ ಪೂರ್ವದ ಕಿಟಕಿ. "ಉಪ್ಪು ಹಾಕಿದೇನವಾ?" ಎಂದು ಯಾರೂ ಕೇಳದ ಅಡುಗೆಮನೆ. ಯಜಮಾನರಿಗೂ ಮನಸ್ಸಿತ್ತು; ತಾಯಿಯೆದುರು ಮಾತೆತ್ತಿದೊಡನೆ ಮಾತ್ರ ಅವರಿಗೆ ಕೆಳಗೆ ಗಿರಾಕಿ ಬಂದಂತೆ ಕೇಳಿಸುತ್ತಿತ್ತು.

ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕಾಳಾ ಮಸಾಲೆ, ಅಂದರೆ ಕಪ್ಪು ಮಸಾಲೆ ಪುಡಿ ಮಾಡಲು ಕೂತಾಗ ನನಗೆ ಧೈರ್ಯ ಬಂತು. ಅತ್ತೆ ಮೊರದಲ್ಲಿ ದಗಡಫೂಲ, ಅಂದರೆ ಕಲ್ಲುಹೂವು ಆರಿಸುತ್ತಿದ್ದರು. ಮೇಲೆ ಬೂದಿ, ಕೆಳಗೆ ಕಪ್ಪು, ಅಂಚು ಸುಟ್ಟ ಕಾಗದದಂತೆ ಮುರುಟಿರುತ್ತದೆ. ಅಕ್ಕಲಕೋಟೆಯ ನಮ್ಮ ಹೊಲದಲ್ಲಿ ಕಂಡ ಮೊಲಕ್ಕೂ ಹೀಗೆಯೇ ಕುತ್ತಿಗೆಯ ಹಿಂದೆ ಮಸಿ ಒರೆಸಿದಂಥ ಕಪ್ಪು.

"ಅತ್ಯಾರ, ನಮ್ಮ ಹೊಲದಾಗಿನ ಮೊಲ ಬಿಲಾ ತೋಡೂದಿಲ್ರಿ. ಹುಲ್ಲಾಗ ಮೈಯಷ್ಟು ತಗ್ಗು ಮಾಡಿ ಕೂತಿತಂದ್ರ ಅದ ಮನಿ. ಬ್ಯಾಡಾದ್ರ ಎದ್ದು ಹೋಗ್ತದ. ಎಷ್ಟ್ ಹಗೂರ ನೋಡ್ರಿ. ಈ ದಗಡಫೂಲ ಕಲ್ಲಿಗೆ ಅಂಟಿದ್ದು ಅಂಟೇ ಇರ್ತದ."

"ಕಲ್ಲಿನ ಮ್ಯಾಲ ಕೂತು ಏನ್ ತಿಂತದವಾ ಇದು?"

ಅಲ್ಲಿಗೆ ಸುಮ್ಮನಾಗಬಹುದಿತ್ತು. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ತುದಿನಾಲಿಗೆಯಲ್ಲಿತ್ತು. "ಇದು ಹೂವಲ್ರಿ, ಎರಡು ಜೀವ. ಒಂದು ಗೂಡಾಗಿ ನೀರು ಹಿಡಿದಿಡ್ತದ. ಇನ್ನೊಂದು ಬಿಸಿಲಾಗ ಇಬ್ಬರಿಗೂ ಅಡಗಿ ಮಾಡ್ತದ."

"ಅಡಗಿ ಮಾಡೂದು ಎದ್ದು ಬ್ಯಾರೆ ಮನಿ ಮಾಡಿತಂದ್ರ?"

"ಆ ಬರಿಗಲ್ಲಿನ ಮ್ಯಾಲ ಒಣಗಿ ಹೋಗ್ತದ್ರಿ," ಎಂದೆ, ತರಗತಿಯಲ್ಲಿ ಎದ್ದು ನಿಂತ ಹುಡುಗಿಯ ಹಾಗೆ.

ಅತ್ತೆ ಒಂದು ಚೂರು ಮೂಸಿ ನೋಡಿ ಪಾತ್ರೆಗೆ ಹಾಕಿದರು. "ಹಂಗಾರ ನೀ ಒಣಗೂದು ಬ್ಯಾಡವಾ. ಮನಿ ಮಾಡ್ರಿ, ನಾನೂ ಬರ್ತೀನಿ. ಇಲ್ಲಿದು ನನ್ನ ಸಣ್ಣ ಮಗ ನೋಡ್ಕೋತಾನ. ನಂದೇನು, ಮೊಲದಂಗ ಹಗೂರ. ಒಂದು ಟ್ರಂಕು, ಆ ಟ್ರಾನ್ಸಿಸ್ಟರು."

ಈಗ ಪೂರ್ವದ ಕಿಟಕಿಯ ಕೆಳಗೆ ಅತ್ತೆಯವರ ಮಣೆ ಇದೆ. ಬೆಳಗಿನ ಬಿಸಿಲೆಲ್ಲ ಅವರ ಮೇಲೆಯೇ. ಉಪ್ಪು ಹಾಕಿದೇನವಾ ಎನ್ನುತ್ತಾರೆ. ಹಾಕೀನ್ರಿ ಎನ್ನುತ್ತೇನೆ; ಅವರು ಆಚೆ ನೋಡಿದಾಗ ಹಾಕುತ್ತೇನೆ. ಆದರೂ ನನ್ನ ಉದಾಹರಣೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಸಿಸ್ಟರ್ ನನಗೆ ಪೂರ್ತಿ ಅಂಕ ಕೊಟ್ಟು, ಕಿಟಕಿಯನ್ನು ಅತ್ತೆಯವರಿಗೇ ಕೊಡುತ್ತಿದ್ದರು.