ದೀಪ ನೋಡಿ ಹತ್ತುವ ದೀಪ

ಫೋಟೋ ತೆಗೆಯಲು ಮದುವೆಮನೆಗೆ ಹೋದವನು ಸುಮ್ಮನೆ ಉಂಡು ವಾಪಸು ಬಂದ ಎಂಬುದು ನಮ್ಮ ಕಸುಬಿನಲ್ಲಿ ಅಪರೂಪದ ಸುದ್ದಿ. ಏನಾದರೊಂದು ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಗ ಆದದ್ದಕ್ಕೆಲ್ಲ ಕಾರಣ ಒಂದು ಸ್ಲೇವ್ ಫ್ಲ್ಯಾಶ್. ಕ್ಯಾಮೆರಾದ ಮೇಲೆ ಒಂದು ಫ್ಲ್ಯಾಶ್ ಇರುತ್ತದಲ್ಲ, ಇದು ಎರಡನೆಯದು. ದೂರದಲ್ಲಿ ಯಾರಾದರೂ ಹಿಡಿದು ನಿಲ್ಲಬೇಕು. ಇದಕ್ಕೊಂದು ಗಾಜಿನ ಕಣ್ಣು. ಮೊದಲನೆಯದರ ಬೆಳಕು ಆ ಕಣ್ಣಿಗೆ ಬಿದ್ದೊಡನೆ ಇದೂ ಮಿಂಚುತ್ತದೆ. ನಡುವೆ ವೈರಿನ ಕಾಟವಿಲ್ಲ. ಎರಡು ಕಡೆಯಿಂದ ಬೆಳಕು ಬಿದ್ದರೆ ಮುಖಕ್ಕೆ ಜೀವ ಬರುತ್ತದೆ ಎಂದು ಯಜಮಾನರನ್ನು ಕಾಡಿ ಕಾಡಿ ತರಿಸಿದವನು ನಾನೇ. ಅವರು ಒಪ್ಪಿದ್ದು ಷರತ್ತಿನ ಮೇಲೆ.

“ನೋಡಪ್ಪ, ಯುಗಾದಿ ತನಕ ಟೈಮು. ಅಷ್ಟ್ರಾಗೆ ಇದು ನಮ್ಮ ಮರ್ಯಾದೆ ಕಳೀತು ಅಂದ್ರೆ, ಇದು ಪೆಟ್ಟಿಗೇಗೆ, ನೀನು ಡಾರ್ಕ್‌ರೂಮಿಗೆ.”

ಡಾರ್ಕ್‌ರೂಮಿನಲ್ಲಿ ಫಿಲಂ ತೊಳೆಯುತ್ತ ಆಗಲೇ ನಾಲ್ಕು ವರ್ಷ ಕಳೆದಿದ್ದೆ. ಹೊರಗಿನ ಬಿಸಿಲು, ಊರೂರಿನ ಜನ, ಮದುವೆ ಊಟ ಇವುಗಳ ರುಚಿ ಈಗಷ್ಟೇ ಹತ್ತಿತ್ತು. ಮತ್ತೆ ಆ ಕತ್ತಲಿಗೆ ಹೋಗುವ ಮನಸ್ಸು ನನಗಿರಲಿಲ್ಲ.

ಆಯುಧ ಪೂಜೆ

ಯಜಮಾನರು ದೊಡ್ಡ ಶಿವಭಕ್ತರು. ಆಯುಧ ಪೂಜೆಯ ದಿನ ಕ್ಯಾಮೆರಾ, ಸ್ಟ್ಯಾಂಡು, ಕತ್ತರಿ ಎಲ್ಲಕ್ಕೂ ತಾವೇ ವಿಭೂತಿ ಬಳಿದು ಕುಂಕುಮ ಇಟ್ಟರು. ಅದಾದ ಮೇಲೆ ಹಿರಿಯೂರಿನಲ್ಲೊಂದು ನಾಮಕರಣ. ನನ್ನ ಎರಡನೆಯ ದೀಪ ಏನು ಮಾಡಿದರೂ ಹತ್ತಲೊಲ್ಲದು. ಬ್ಯಾಟರಿ ಬದಲಾಯಿಸಿದೆ, ತಟ್ಟಿದೆ, ಬೈದೆ, ಕೈಮುಗಿದೆ. ಕೊನೆಗೆ ಒಂದೇ ದೀಪದಲ್ಲಿ ಕೆಲಸ ಮುಗಿಸಿ ಜೋಲುಮುಖ ಹಾಕಿಕೊಂಡು ಬಂದೆ.

ಯಜಮಾನರು ಅದನ್ನು ತಿರುಗಿಸಿ ನೋಡಿದರು. ಗಾಜಿನ ಕಣ್ಣಿನ ಮೇಲೇ ಮೂರೆಳೆ ವಿಭೂತಿ ಒಣಗಿ ಕೂತಿತ್ತು. ನಡುವೆ ಕಾಸಗಲ ಕುಂಕುಮ. ಅದು ನನಗೂ ಕಂಡಿತ್ತು, ಆದರೆ ಪೂಜೆಗೆ ಇಟ್ಟದ್ದನ್ನು ಒರೆಸಬಾರದೆಂದು ನಾನೂ ಮುಟ್ಟಿರಲಿಲ್ಲ.

“ಹೋಗಿ ಹೋಗಿ ಕಣ್ಣಿಗೇ ಯಾಕೆ ಹಚ್ಚಿದ್ರಿ ಯಜಮಾನ್ರೇ?” ಎಂದೆ.

“ಹಣೆ ಎಲ್ಲೈತೆ ಅಂತ ಬಾಳ ಹುಡುಕ್ದೆ ಕಣಲೇ. ಸಿಗ್ಲಿಲ್ಲ.”

ಭರಮಸಾಗರದ ಮಿಂಚು

ದೀಪಾವಳಿಯ ಹೊತ್ತಿಗೆ ಭರಮಸಾಗರದ ಒಂದು ಮನೆಯಲ್ಲಿ ನಿಶ್ಚಿತಾರ್ಥ. ಮಧ್ಯಾಹ್ನವೇ ಮೋಡ ಕವಿದು ಗುಡುಗು, ಮಿಂಚು ಶುರುವಾಯಿತು. ಆಕಾಶ ಮಿಂಚಿದಾಗಲೆಲ್ಲ ಕಿಟಕಿಯ ಪಕ್ಕ ಇಟ್ಟಿದ್ದ ನನ್ನ ದೀಪವೂ ಮಿಂಚಿತು. ಬೆಳಕು ಕಂಡರೆ ಸಾಕು ಅದಕ್ಕೆ, ಕ್ಯಾಮೆರಾದ್ದೋ ಇಂದ್ರನದ್ದೋ ಎಂದು ವಿಚಾರಿಸುವುದಿಲ್ಲ. ನಾನು ಮೂಲೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಮನೆಯ ಅಜ್ಜ ಮಾತ್ರ ಒಂದೊಂದು ಮಿಂಚಿಗೂ ಬೆನ್ನು ನೆಟ್ಟಗೆ ಮಾಡುವುದು, ರುಮಾಲು ಸರಿಮಾಡುವುದು, ಮೀಸೆ ತಿರುವುವುದು ನಡೆಸಿದ್ದರು.

ಫೋಟೋ ಕೊಡಲು ಹೋದಾಗ ಅಜ್ಜ ಎಲ್ಲವನ್ನೂ ಮಗುಚಿ ಹಾಕಿದರು. “ನಾನು ಮೀಸೆ ಮ್ಯಾಲೆ ಕೈ ಇಟ್ಟಿದ್ದು ಎಲ್ಲೈತಪ್ಪ?”

“ಅಜ್ಜಾರೇ, ಅವು ನಾನು ತೆಗೆದದ್ದಲ್ಲ. ಮ್ಯಾಲೆ ಮಿಂಚಿದ್ದಕ್ಕೆ ದೀಪ ಹತ್ತಿಕೊಂಡಿದ್ದು.”

ಅಜ್ಜ ಫೋಟೋಗಳನ್ನು ಕೆಳಗಿಟ್ಟು ಮೀಸೆ ತಿರುವಿದರು. “ಹಂಗಾದ್ರೆ ಮ್ಯಾಲಿನೋನ ಹತ್ರ ಅವೆ ಅನ್ನು. ಇರ್ಲಿ ಬಿಡು, ಹೋದಾಗ ಇಸ್ಕಂತೀನಿ.”

ಬಾಗೂರಿನ ಸೋದರಮಾವ

ದೀಪ ಹಿಡಿಯಲು ಮನೆಯವರಲ್ಲೇ ಒಬ್ಬರನ್ನು ಕೇಳುವುದು ನನ್ನ ಪದ್ಧತಿ. ಬಾಗೂರಿನ ಮದುವೆಯಲ್ಲಿ ಹೆಣ್ಣಿನ ಸೋದರಮಾವನ ಕೈಗೆ ಕೊಟ್ಟು, “ಆ ಕಂಬದ ಪಕ್ಕ ನಿಂತ್ಕಳ್ರಿ, ಫೋಟೋದಲ್ಲಿ ನೀವು ಕಾಣಬಾರದು” ಎಂದೆ.

ಅವರ ಮುಖ ಕೆಂಪಗಾಯಿತು. “ಹೆಣ್ಣನ್ನ ಹಸೆಗೆ ಕರ್ಕಂಡು ಬರಾನು ನಾನು. ನಾನೇ ಕಾಣಬಾರ್ದಾ?”

ಆಮೇಲೆ ಪ್ರತಿ ಫೋಟೋದಲ್ಲೂ ಅವರೇ, ಹೆಣ್ಣಿನ ಪಕ್ಕದಲ್ಲಿ, ದೀಪ ಎತ್ತಿ ಹಿಡಿದುಕೊಂಡು. ದೀಪ ನೇರ ಕ್ಯಾಮೆರಾದ ಕಣ್ಣಿಗೇ ಮಿಂಚಿ ಅರ್ಧ ಫೋಟೋ ಬರೀ ಬಿಳಿ. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅದೇ ಊರಿನ ಇನ್ನೊಬ್ಬ ಸೋದರಮಾವ ಸ್ಟುಡಿಯೋ ಹುಡುಕಿಕೊಂಡು ಬಂದು ತಮ್ಮ ಮನೆಯ ಮದುವೆಯ ಫೋಟೋ ಕೆಲಸವನ್ನೂ ನನಗೇ ಒಪ್ಪಿಸಿದರು. “ನನ್ ಕೈಗೂ ಅದನ್ನೇ ಕೊಡ್ರಿ. ಅದಕ್ಕಿಂತ ದೊಡ್ಡದಿದ್ರೆ ಇನ್ನೂ ಚಲೋ.”

ಹೊಳಲ್ಕೆರೆಯ ತಾಳಿ

ಯುಗಾದಿಗೆ ಮೊದಲಿನ ಕೊನೆಯ ಲಗ್ನ ಹೊಳಲ್ಕೆರೆಯಲ್ಲಿ. ಹೆಣ್ಣಿನ ಕಡೆಗೆ ನಾನು. ಗಂಡಿನ ಕಡೆಯವರು ಹೊಸದುರ್ಗದಿಂದ ಒಬ್ಬ ಹಿರಿಯ ಫೋಟೋಗ್ರಾಫರನ್ನು ಕರೆಸಿದ್ದರು. ಹಳೆಯ ಕ್ಯಾಮೆರಾ, ಒಂದೇ ಫ್ಲ್ಯಾಶ್, ಬಾಯ್ತುಂಬ ಎಲೆಅಡಿಕೆ. ಪಾಪದ ಮನುಷ್ಯ.

ತಾಳಿ ಕಟ್ಟುವ ಗಳಿಗೆ ಬಂತು. ಅವರು ನನಗಿಂತ ಒಂದು ಕ್ಷಣ ಮುಂಚೆ ಒತ್ತಿದರು. ಅವರ ಬೆಳಕು ಕಂಡದ್ದೇ ತಡ, ನನ್ನ ದೀಪ ಭಗ್ಗನೆ ಮಿಂಚಿ ಅವರ ಸೇವೆ ಮಾಡಿತು. ಅದು ಮತ್ತೆ ತಯಾರಾಗಲು ಹತ್ತು ಎಣಿಸುವಷ್ಟು ಹೊತ್ತು ಬೇಕು. ನಾನು ಒತ್ತಿದಾಗ ತೆಪ್ಪಗಿತ್ತು. ಮದುವೆ ಪೂರ್ತಿ ಇದೇ ಹಾಡು.

ನನ್ನ ಪ್ರಿಂಟಿನಲ್ಲಿ ಗಂಡಿನ ಕೈಯ ನೆರಳು ಬಿದ್ದು ತಾಳಿಯೇ ಕಾಣುತ್ತಿರಲಿಲ್ಲ. ಯಜಮಾನರು ನೋಡಿದರು. ಪೆಟ್ಟಿಗೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಬೀಗದ ಕೈ ನೋಡಿ ನನಗೆ ಅಳುವೇ ಬಂತು.

ಅಷ್ಟರಲ್ಲಿ ಹೊಸದುರ್ಗದವರೇ ಒಳಗೆ ಬಂದರು. ಕೈಯಲ್ಲಿ ಅದೇ ತಾಳಿಯ ಫೋಟೋ, ಅವರು ತೆಗೆದದ್ದು. ಹೆಣ್ಣಿನ ಕಣ್ಣಂಚಿನ ನೀರೂ ಕಾಣುತ್ತಿತ್ತು.

“ಇದನ್ನ ದೊಡ್ಡದು ಮಾಡ್ಕೊಡ್ರಿ. ಮೂವತ್ತು ವರ್ಷದಾಗೆ ನಂಗೆ ಇಂಥದ್ದು ಬಂದಿಲ್ಲ. ಮೊನ್ನೆ ಕಣ್ಣಾಪರೇಷನ್ ಮಾಡಿಸ್ಕಂಡೆ ನೋಡ್ರಿ, ಅದರ ಗುಣ ಇರ್ಬೇಕು.”

ಯಜಮಾನರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. “ಅಣ್ಣಾರೇ, ನಿಮ್ದು ದೀಪ ಒಂದೇ. ಗಂಡಿನ ಹಿಂದೆ ನೆರಳು ಎರಡು ಅವೆ.”

ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಹಿರಿಯರ ಮುಖ ಬಾಡಿತು. “ಹಂಗಾದ್ರೆ ಇದು ನಂದಲ್ಲೇನಪ್ಪ?”

ನನ್ನ ಸಂಕಟ ಮರೆತೇಹೋಯಿತು. “ನಿಮ್ಮದೇರೀ. ಆ ಗಳಿಗೆ ಹಿಡಿದವರು ನೀವು” ಎಂದೆ. ಅದು ಸತ್ಯವೂ ಆಗಿತ್ತು.

ಯಜಮಾನರು ಬೀಗದ ಕೈಯನ್ನು ವಾಪಸು ಜೇಬಿಗೆ ಹಾಕಿಕೊಂಡರು. “ದೀಪದ್ದೇನೂ ತಪ್ಪಿಲ್ಲ. ಪೆಟ್ಟಿಗೇಗೆ ಇಡಾದು ಬ್ಯಾಡ. ನೀನೂ ಡಾರ್ಕ್‌ರೂಮಿಗೆ ಹೋಗಾದು ಬ್ಯಾಡ.”

ಹೋದ ಜೀವ ಬಂದಂತಾಯಿತು. ಕಾಲು ಮುಟ್ಟೋಣವೆಂದು ಬಗ್ಗುತ್ತಿದ್ದೆ, ಅವರು ಹೊಸದುರ್ಗದವರ ಕಡೆ ತಿರುಗಿದರು.

“ಮುಂದಿನ ಲಗ್ನಕ್ಕೆ ನೀವೇ ಬರ್ರಿ ಅಣ್ಣಾರೇ. ಕ್ಯಾಮೆರಾ ನೀವು ಹಿಡೀರಿ. ದೀಪ ಇವನು ಹಿಡ್ಕಂತಾನೆ.”